ನಲವತ್ತೊಂದನೇ ತಟ್ಟೆ

ವೃದ್ಧಾಶ್ರಮದವರು ಅವಳನ್ನು ಕಡ್ಡಿ ಮೇಡಂ ಎಂದು ಕರೆಯುತ್ತಿದ್ದರು. ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತಿ ಸುತ್ತಿದ ಕಡ್ಡಿಗಳ ಡಬ್ಬಿ ಹಿಡಿದು ಬರುತ್ತಿದ್ದಳು. ಒಬ್ಬೊಬ್ಬರ ಎದುರೂ ಕುರ್ಚಿ ಎಳೆದುಕೊಂಡು ಕೂತು, "ಸ್ವಲ್ಪ ಸೆಟ್ಟು ತೆಗೀತೀರಾ?" ಎಂದು ಕೇಳುತ್ತಿದ್ದಳು. ಮೇಲಿನ ಸಾಲಿನ ಹಲ್ಲಿನ ಸೆಟ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು, ಅಂಗುಳಕ್ಕೆ ಅಂಟಿ ಕೂರುವ ಅದರ ಗುಲಾಬಿ ಒಳಮೈಯನ್ನು ಕಡ್ಡಿಯಿಂದ ಉಜ್ಜಿ, ಕಡ್ಡಿಯನ್ನು ಸಣ್ಣ ಸೀಸೆಯಲ್ಲಿ ಮುಳುಗಿಸಿ, ಸೀಸೆಯ ಮೇಲೆ ಒಂದು ಸಂಖ್ಯೆ ಬರೆಯುತ್ತಿದ್ದಳು.

ಅವಳು ಕೆಲಸ ಮಾಡುತ್ತಿದ್ದದ್ದು ಹಲ್ಲಿನ ಆಸ್ಪತ್ರೆಯ ಹಿಂಭಾಗದ ಲ್ಯಾಬಿನಲ್ಲಿ. ಹಗಲೂ ರಾತ್ರಿ ತೆಗೆಯದೆ ಹಾಕಿಕೊಂಡ ಸೆಟ್ಟಿನ ಅಡಿಯಲ್ಲಿ, ಗಾಳಿಯಾಡದ ಆ ತೇವದಲ್ಲಿ, ಒಂದು ಬಗೆಯ ಬೂಷ್ಟು ಬೆಳೆಯುತ್ತದೆ. ಅಂಗುಳ ಕೆಂಪಾಗುತ್ತದೆ, ಬಾಯಿ ಉರಿಯುತ್ತದೆ, ಊಟ ಸೇರುವುದಿಲ್ಲ. ಬಾಯಿಗೆ ಔಷಧಿ ಹಚ್ಚಿದರೆ ಉರಿ ಹೋಗುತ್ತದೆ. ಆದರೆ ಬೂಷ್ಟು ಸೆಟ್ಟಿನಲ್ಲೇ ಮನೆ ಮಾಡಿರುವುದರಿಂದ ತಿಂಗಳೊಳಗೆ ಮತ್ತೆ ಹಾಜರು. ಅದಕ್ಕೇ ಲ್ಯಾಬಿನ ಮುಖ್ಯಸ್ಥೆಯವರು ಲವಂಗ, ದಾಳಿಂಬೆ ಸಿಪ್ಪೆ, ಸೀಬೆ ಎಲೆ, ಬೆಳ್ಳುಳ್ಳಿ ಇವುಗಳ ಸಾರ ತೆಗೆದು, ಸೆಟ್ಟನ್ನು ಅದರಲ್ಲಿ ನೆನೆಹಾಕಿದರೆ ಬೂಷ್ಟು ಸಾಯುತ್ತದೆಯೇ ಎಂದು ಪರೀಕ್ಷೆ ಶುರುಮಾಡಿದ್ದರು. ಆಶ್ರಮದವರಿಗೆ ಇದೆಲ್ಲ ಗೊತ್ತಿತ್ತು. "ಬೆಳ್ಳುಳ್ಳಿ ಒಂದು ಬೇಡ ಮೇಡಂ," ಎಂದಿದ್ದರು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. "ಆ ಹಲ್ಲು ಹಾಕ್ಕೊಂಡು ನಾನು ಬಾಯಿ ಬಿಟ್ರೆ ಪಕ್ಕದ ಮಂಚದವನು ಗಂಟುಮೂಟೆ ಕಟ್ತಾನೆ."

ಹೀಗೆ ನಲವತ್ತು ಬಾಯಿಗಳ ಬೂಷ್ಟನ್ನು ಅವಳು ಗಾಜಿನ ತಟ್ಟೆಗಳಲ್ಲಿ ಬೆಳೆಸಿದ್ದಳು. ಅವಳ ಮನೆಯಲ್ಲೇ ಒಂದು ಸೆಟ್ಟು ಇತ್ತು. ಅದನ್ನು ಅವಳು ಒಂದು ಸಲವೂ ನೋಡಿರಲಿಲ್ಲ.

ಅವಳ ತಾಯಿ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮುಖ ನೋಡದವರೂ ಕೇವಲ ದನಿ ಕೇಳಿ ಮೆಚ್ಚುತ್ತಿದ್ದರು ಎಂಬ ಹೆಮ್ಮೆ ಅವರಿಗೆ ಕೊನೆಯವರೆಗೂ ಇತ್ತು. ಅರವತ್ತನಾಲ್ಕಕ್ಕೆ ಹಲ್ಲೆಲ್ಲ ಹೋಗಿ ಸೆಟ್ಟು ಬಂದಾಗ 'ಸ' ಅಕ್ಷರ ಶಿಳ್ಳೆಯಾಗುತ್ತಿತ್ತು. ಒಂದು ವಾರ ಬಚ್ಚಲಿನ ಬಾಗಿಲು ಹಾಕಿಕೊಂಡು "ಸೊನ್ನೆ, ಸೊನ್ನೆ, ಸಾವಿರದ ಏಳು" ಎಂದು ಅಭ್ಯಾಸ ಮಾಡಿದ್ದರು. 'ಸ' ನೆಟ್ಟಗಾದ ಮೇಲೇ ಮಗಳ ಜೊತೆ ಮಾತಾಡಿದ್ದು. ಆಮೇಲೆ ಏಳು ವರ್ಷ ಯಾರೂ ಅವರನ್ನು ಹಲ್ಲಿಲ್ಲದೆ ಕಂಡಿರಲಿಲ್ಲ. ಏನಾದರೂ ಯೋಚನೆಯಲ್ಲಿದ್ದಾಗ ಮಾತ್ರ ನಾಲಿಗೆಯಿಂದ ಸೆಟ್ಟನ್ನು ಮೇಲಕ್ಕೊತ್ತಿ ಬಿಡುವ ಅಭ್ಯಾಸವಿತ್ತು. ಟಕ್ ಎನ್ನುತ್ತಿತ್ತು.

ಕೊನೆಯ ಆರೇಳು ತಿಂಗಳು ತಾಯಿ ಊಟ ಕಡಿಮೆ ಮಾಡಿದರು. ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನೂ ಅರ್ಧಕ್ಕೆ ಬಿಟ್ಟೇಳುತ್ತಿದ್ದರು.

"ಊಟದಲ್ಲೂ ಹಠಾನಾ ಅಮ್ಮ?"

"ಹಸಿವಿಲ್ಲ ಬಿಡೇ."

"ಡಾಕ್ಟರ ಹತ್ರ ಹೋಗೋಣ ಅಂದ್ರೆ ಬರಲ್ಲ. ಏನಾಗಿದೆ ಅಂತಾನೂ ಹೇಳಲ್ಲ."

"ವಯಸ್ಸಾಗಿದೆ. ಅದಕ್ಕೇನು ಡಾಕ್ಟರು?"

ದಿನವಿಡೀ ತಟ್ಟೆಗಳ ಮೇಲೆ ಬಗ್ಗಿ ಕತ್ತು ನೋಯಿಸಿಕೊಂಡು ಬರುತ್ತಿದ್ದ ಮಗಳು ಅಷ್ಟಕ್ಕೇ ಬಿಡುತ್ತಿದ್ದಳು. ಎಪ್ಪತ್ತೊಂದು ಮುಗಿಯುವ ಹೊತ್ತಿಗೆ ತಾಯಿ ಕಡ್ಡಿಯಾದರು. ಜ್ವರ ಬಂತು, ಕಫ ಎದೆಗಿಳಿಯಿತು. ಆಸ್ಪತ್ರೆಗೆ ಸೇರಿಸಿದ ದಿನ ಆಮ್ಲಜನಕದ ಮುಖವಾಡ ಹಾಕಬೇಕೆಂದು ನರ್ಸು ಪರದೆ ಎಳೆದು ಸೆಟ್ಟನ್ನು ತೆಗೆದಳು. ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಗೆ ಹಾಕಿ ಹೊರಗೆ ತಂದುಕೊಟ್ಟಳು.

"ಇದನ್ನ ಎಷ್ಟು ದಿನದಿಂದ ತೆಗೆದಿಲ್ಲ ಇವ್ರು? ಬಾಯಿ ಒಳಗೆ ನೋಡೋಕಾಗಲ್ಲ. ಅಂಗುಳ ಪೂರ್ತಿ ಹುಣ್ಣಾಗಿದೆ. ಮನೇಲಿ ಯಾರೂ ನೋಡ್ಲಿಲ್ವಾ?"

ಮಗಳು ಡಬ್ಬಿಯನ್ನು ಹಿಡಿದುಕೊಂಡು ಹಾಗೇ ನಿಂತಳು. ತಾನು ಎಲ್ಲಿ ಕೆಲಸ ಮಾಡುವುದೆಂದು ನರ್ಸಿಗೆ ಹೇಳಲಿಲ್ಲ.

ತಾಯಿ ಎಂಟು ದಿನ ಬದುಕಿದ್ದರು. ಆ ಎಂಟು ದಿನವೂ ಮಗಳು ಒಳಗೆ ಬಂದರೆ ಮುಖವಾಡದ ಮೇಲೆಯೇ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಳ್ಳುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಏನು ಕೇಳಿದರೂ ಕಣ್ಣಿನಲ್ಲೇ ಹೂಂ, ಉಹೂಂ. ಒಂಬತ್ತನೇ ದಿನ ಬೆಳಿಗ್ಗೆ ಅವಳು ಮುಖ ತೊಳೆದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಮಾಡಬೇಕಾದದ್ದೆಲ್ಲ ಮುಗಿಸಿ ಕೆಲಸಕ್ಕೆ ಮರಳಿದ ದಿನ ಡಬ್ಬಿ ಅವಳ ಕೈಚೀಲದಲ್ಲೇ ಇತ್ತು. ಬಟ್ಟೆ ಇನ್ನೂ ಒದ್ದೆಯಾಗಿತ್ತು. ಬಿಸಾಡಲೆಂದೇ ಡಬ್ಬಿ ತೆರೆದಳು. ಕೈ ತನ್ನಷ್ಟಕ್ಕೆ ಕಡ್ಡಿಯತ್ತ ಹೋಯಿತು. ರಿಜಿಸ್ಟರಿನಲ್ಲಿ ಬರೆದಳು: ನಲವತ್ತೊಂದು. ಮಹಿಳೆ, ಎಪ್ಪತ್ತೊಂದು ವರ್ಷ. ಮೇಲಿನ ಸೆಟ್ಟು, ಏಳು ವರ್ಷ ಹಳೆಯದು. ಉಳಿದ ನಲವತ್ತು ಸಂಖ್ಯೆಗಳ ಜೊತೆ ಅವರವರ ಒಪ್ಪಿಗೆ ಪತ್ರವಿತ್ತು, ಇದಕ್ಕಿರಲಿಲ್ಲ.

ಎರಡು ದಿನದಲ್ಲಿ ತಟ್ಟೆಯ ಮೇಲೆ ಕೆನೆಬಣ್ಣದ ದುಂಡು ಚುಕ್ಕೆಗಳು ಎದ್ದವು. ಮುಚ್ಚಳ ತೆರೆದಾಗ ಹುಳಿಬಂದ ಹಿಟ್ಟಿನಂಥ ವಾಸನೆ. ಹದಿನಾರು ವರ್ಷದಿಂದ ದಿನವೂ ಮೂಗಿಗೆ ಬಡಿದ ವಾಸನೆಯೇ ಅದು. ಆದರೆ ಅವತ್ತು ಅವಳಿಗೆ ನೆನಪಾದದ್ದು ಮನೆ. ತಾಯಿಯ ಹಾಲಿನ ಲೋಟ ತೊಳೆಯುವಾಗ ಇದೇ ವಾಸನೆ ಬರುತ್ತಿತ್ತು. ಹಾಲು ಕೆಟ್ಟಿದೆ ಎಂದುಕೊಂಡು ಹಾಲಿನವನನ್ನೇ ಬದಲಾಯಿಸಿದ್ದಳು.

ಆ ವಾರ ಆ ಸದ್ದು ಶುರುವಾಯಿತು. ಸಂಜೆ ಬಟ್ಟೆ ಮಡಚುತ್ತಿದ್ದಾಗ ಒಳಕೋಣೆಯಿಂದ ಟಕ್ ಎಂದಿತು. ಹೋಗಿ ನೋಡಿದಳು. ಖಾಲಿ ಮಂಚ, ಗೋಡೆಗೊರಗಿಸಿದ ದಿಂಬು. ಮರುದಿನ ಲ್ಯಾಬಿನಲ್ಲಿ, ತಟ್ಟೆಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಹತ್ತಿರ ಬಗ್ಗಿದಾಗ ಮತ್ತೆ ಟಕ್. ಪೆಟ್ಟಿಗೆಯ ಸ್ವಿಚ್ಚಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಸ್ವಿಚ್ಚು ಹಾಗೆ ಸದ್ದು ಮಾಡಿದ್ದನ್ನು ಇಷ್ಟು ವರ್ಷದಲ್ಲಿ ಅವಳು ಕೇಳಿರಲಿಲ್ಲ.

ಯಾರಿಗೂ ಹೇಳಲಿಲ್ಲ. ಆದರೆ ನಲವತ್ತೊಂದನ್ನು ಬೇರೆಯದಾಗಿ ನೋಡತೊಡಗಿದಳು. ಮಿಕ್ಕ ತಟ್ಟೆಗಳಿಗೆ ಮೂರು ವಾರಕ್ಕೊಮ್ಮೆ, ಬೂಷ್ಟಿಗೆ ಆಹಾರವಾದ ಹೊಸ ಜೆಲ್ಲಿ ಹಾಕಿದರೆ ಇದಕ್ಕೆ ಪ್ರತಿ ಸೋಮವಾರ. ಬೆಳಿಗ್ಗೆ ಬಂದೊಡನೆ ಮೊದಲು ಅದರ ಮುಚ್ಚಳ ತೆರೆಯುವುದು. ಒಂದು ದಿನ ಜೊತೆಗಾರ್ತಿಯೊಬ್ಬಳು "ಹೇಗಿದೆ ಇವತ್ತು?" ಎಂದು ಸುಮ್ಮನೆ ಕೇಳಿದ್ದಕ್ಕೆ ಇವಳ ಬಾಯಿಂದ, "ಚೆನ್ನಾಗಿದ್ದಾಳೆ," ಎಂದು ಬಂದುಬಿಟ್ಟಿತು. ಜೊತೆಗಾರ್ತಿ ನಕ್ಕಳು. ಇವಳು ನಗಲಿಲ್ಲ.

ಪರೀಕ್ಷೆಗಳು ಒಂದೊಂದಾಗಿ ನಡೆದವು. ಜೆಲ್ಲಿಯಲ್ಲಿ ಸಣ್ಣ ಗುಳಿ ತೋಡಿ ಅದಕ್ಕೆ ಸಾರ ಹನಿಸಿದರೆ, ಬೂಷ್ಟು ಸತ್ತಷ್ಟು ದೂರಕ್ಕೆ ಗುಳಿಯ ಸುತ್ತ ಖಾಲಿ ಉಂಗುರ ಮೂಡುತ್ತದೆ. ಸೀಬೆ ಎಲೆಗೆ ಸಣ್ಣ ಉಂಗುರ. ಬೆಳ್ಳುಳ್ಳಿಗೆ ದೊಡ್ಡದು, ಆದರೆ ಆ ನಾತವನ್ನು ಯಾರೂ ಒಪ್ಪುವಂತಿರಲಿಲ್ಲ. ಲವಂಗಕ್ಕೆ ಹೆಚ್ಚಿನವು ಸೋತವು. ನಲವತ್ತೊಂದು ಸ್ವಲ್ಪ ಹಿಂದೆ ಸರಿದು ನಾಲ್ಕು ದಿನದಲ್ಲಿ ಮತ್ತೆ ಗುಳಿಯವರೆಗೂ ಬಂತು. ಅದನ್ನು ಕಂಡಾಗ ಅವಳಿಗಾದದ್ದು ಸಂತೋಷ. ತನಗೆ ಆಗುತ್ತಿರುವುದು ಸಂತೋಷವೆಂದು ಗೊತ್ತಾದಾಗ ಮುಚ್ಚಳ ಮುಚ್ಚಿ ತಟ್ಟೆಯನ್ನು ಪೆಟ್ಟಿಗೆಯಲ್ಲಿ ವಾಪಸಿಟ್ಟಳು.

ಐದನೇ ತಿಂಗಳಲ್ಲಿ ಮುಖ್ಯಸ್ಥೆ, ಲವಂಗ ಮತ್ತು ದಾಳಿಂಬೆ ಸಿಪ್ಪೆಯ ಸಾರ ಎರಡನ್ನೂ ಬೆರೆಸಿ ನೋಡೋಣ ಎಂದರು. ಸೆಟ್ಟು ಮಾಡುವ ಅದೇ ಗುಲಾಬಿ ವಸ್ತುವಿನ ಬಿಲ್ಲೆಗಳ ಮೇಲೆ ಬೂಷ್ಟನ್ನು ಪದರಗಟ್ಟಿಸಿ, ಎಂಟು ಗಂಟೆ ದ್ರಾವಣದಲ್ಲಿ ನೆನೆಸಿ, ಆಮೇಲೆ ಬಿಲ್ಲೆಯನ್ನು ಹೊಸ ತಟ್ಟೆಗೆ ಉಜ್ಜಬೇಕು. ಏನಾದರೂ ಬದುಕಿದ್ದರೆ ಬೆಳೆಯುತ್ತದೆ. ಎರಡು ದಿನದ ನಂತರ ಅವಳು ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ನಲವತ್ತೂ ಖಾಲಿ. ನಲವತ್ತೊಂದನ್ನು ಹಿಡಿದಳು. ಅದೂ ಖಾಲಿ, ಆಗಷ್ಟೇ ಒರೆಸಿಟ್ಟ ಕಿಟಕಿಯ ಗಾಜಿನ ಹಾಗೆ.

ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಪೆನ್ನು ತೆಗೆದು ನಲವತ್ತೊಂದರ ಎದುರು 'ಬೆಳೆದಿದೆ' ಎಂದು ಬರೆದಳು. ತನ್ನ ಬಳಿ ಉಳಿಸಿಟ್ಟಿದ್ದ ಮೂಲ ಸೀಸೆಯಿಂದ ಒಂದಿಷ್ಟು ತೆಗೆದು ಆ ಖಾಲಿ ತಟ್ಟೆಗೆ ಬಳಿದು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟಳು. ಆ ದಿನ ಬೆನ್ನ ಹಿಂದೆ ಮೂರು ಸಲ ಟಕ್ ಎಂದಿತು. ಅವಳಿಗೆ ಹೆದರಿಕೆಯಾಗಲಿಲ್ಲ. ಚಿಕ್ಕಂದಿನಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದಾಗ, ತಾಯಿ ಬೈಯದೆ ಸುಮ್ಮನೆ ನೋಡುತ್ತ ನಿಂತಾಗ ಆಗುತ್ತಿದ್ದಂತೆ ಕಿವಿ ಬಿಸಿಯಾಯಿತು.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಮುಖ್ಯಸ್ಥೆ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಲವತ್ತೂ ಸತ್ತು ಇದೊಂದೇ ಉಳಿದಿದೆ ಅಂದ್ರೆ ಇದು ಸಾಮಾನ್ಯದ್ದಲ್ಲ. ದೊಡ್ಡ ಲ್ಯಾಬಿಗೆ ಕಳಿಸೋಣ, ಏನು ಅಂತ ಅವ್ರು ನೋಡ್ಲಿ. ಅಲ್ಲಿವರೆಗೆ ಆಶ್ರಮಕ್ಕೆ ದ್ರಾವಣ ಕೊಡೋದು ಬೇಡ."

"ಬೇಡ್ವಾ ಮೇಡಂ? ಅವ್ರೆಲ್ಲ ಕಾಯ್ತಾ ಇದಾರೆ."

"ಅರ್ಧಂಬರ್ಧ ಕೆಲಸ ಮಾಡೋ ದ್ರಾವಣ ಕೊಟ್ಟು ಇಂಥದ್ದನ್ನೇ ಇನ್ನಷ್ಟು ಬೆಳೆಸೋಕಾಗುತ್ತಾ? ಇದರ ಒಪ್ಪಿಗೆ ಪತ್ರ ಎಲ್ಲಿ? ಫೈಲಲ್ಲಿ ಕಾಣ್ತಿಲ್ಲ."

"ಅವ್ರು... ತೀರಿಕೊಂಡಿದ್ದಾರೆ."

"ಹಾಗಾದ್ರೆ ಮನೆಯವರು ಯಾರಾದ್ರೂ ಸಹಿ ಹಾಕ್ಲಿ. ಶುಕ್ರವಾರದೊಳಗೆ ತನ್ನಿ."

ತಾನೇ ಸಹಿ ಹಾಕಿದರೆ ಗುಟ್ಟು ರಟ್ಟಾಗುತ್ತಿತ್ತು. ಉಳಿದವರೆಂದರೆ ಚಿಕ್ಕಮ್ಮ, ತಾಯಿಯ ಒಬ್ಬಳೇ ತಂಗಿ. ಅವರ ಹೆಸರು ಲ್ಯಾಬಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಗುರುವಾರ ಮಧ್ಯಾಹ್ನ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಅವರ ಮನೆಗೆ ಹೋದಳು.

ಚಿಕ್ಕಮ್ಮ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತರಾಗಿ ಹತ್ತು ವರ್ಷವಾದರೂ ದನಿ ಇನ್ನೂ ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವಂತಿತ್ತು.

"ಬಾರೇ ಪುಟ್ಟಿ! ಎಷ್ಟು ದಿನ ಆಯ್ತೇ ಮುಖ ತೋರಿಸಿ! ಒಳಗೆ ಬಾ, ಬಾಗಿಲಲ್ಲಿ ನಿಂತ್ಕೋಬೇಡ, ಹಿಂದೆ ಜನ ಇಲ್ದೆ ಇದ್ರೂ ನಂಗೆ ಕಿರಿಕಿರಿ ಆಗುತ್ತೆ."

ನಲವತ್ತೈದರ ಪುಟ್ಟಿ ಒಳಗೆ ಹೋಗಿ ಕೂತಳು. ನೀರು ಕುಡಿದಳು. ಒಪ್ಪಿಗೆ ಪತ್ರವನ್ನು ಮೇಜಿನ ಮೇಲಿಟ್ಟು, ಸುತ್ತಿ ಬಳಸಿ, ಕೊನೆಗೆ ವಿಷಯಕ್ಕೆ ಬಂದಳು. ಚಿಕ್ಕಮ್ಮ ಕನ್ನಡಕವನ್ನು ಹಣೆಗೇರಿಸಿ ಕೇಳಿಸಿಕೊಂಡರು.

"ಅಂದ್ರೆ, ಅಕ್ಕನ ಬಾಯಲ್ಲಿದ್ದದ್ದು ಇನ್ನೂ ಜೀವಂತ ಇದೆಯಾ?"

"ಹೂಂ."

"ಎಲ್ಲಿ?"

"ಲ್ಯಾಬಲ್ಲಿ. ತಟ್ಟೇಲಿ."

"ಏನು ತಿನ್ನುತ್ತೆ?"

"ಸಕ್ಕರೆ ಹಾಕಿದ ಜೆಲ್ಲಿ."

"ಅವಳೂ ಅಷ್ಟು ತಿಂದಿದ್ರೆ..." ಎಂದು ಶುರುಮಾಡಿದ ಚಿಕ್ಕಮ್ಮ ಮಾತು ನುಂಗಿದರು. ಸ್ವಲ್ಪ ಹೊತ್ತು ಪತ್ರದ ಅಂಚನ್ನು ಉಗುರಿನಿಂದ ತೀಡಿದರು. ಆಮೇಲೆ, ಅವರಿಗೆ ಒಗ್ಗದ ಸಣ್ಣ ದನಿಯಲ್ಲಿ, "ನಂಗೆ ಗೊತ್ತಿತ್ತು ಪುಟ್ಟಿ," ಎಂದರು.

"ಏನು?"

"ಬಾಯೆಲ್ಲ ಉರೀತಿದೆ, ನೀರು ಕುಡಿದ್ರೂ ಬೆಂಕಿ ಇಟ್ಟ ಹಾಗಾಗುತ್ತೆ ಅಂತ ಫೋನಲ್ಲಿ ಹೇಳಿದ್ಲು. ಪುಟ್ಟಿಗೆ ತೋರಿಸೇ, ಅವಳ ಕೆಲಸಾನೇ ಅದಲ್ವಾ ಅಂದೆ. ಅವಳೇನಂದ್ಲು ಗೊತ್ತಾ? 'ದಿನಾ ಹತ್ತು ಜನರ ಬಾಯಿ ನೋಡಿ ಸುಸ್ತಾಗಿ ಬರ್ತಾಳೆ. ಮನೇಲೂ ಇನ್ನೊಂದು ಬಾಯಿ ಯಾಕೆ ಅವಳಿಗೆ' ಅಂತ. ನಿಂಗೆ ಹೇಳಕೂಡದು ಅಂತ ಆಣೆ ಹಾಕಿಸ್ಕೊಂಡ್ಲು. ಬಾಯುರಿ ತಾನೇ, ಹೋಗುತ್ತೆ ಅಂದ್ಕೊಂಡು ನಾನೂ ಸುಮ್ನಾದೆ."

ಹೊರಗೆ ಬೀದಿಯಲ್ಲಿ ಯಾರೋ ಸ್ಕೂಟರಿನ ಕಿಕ್ ಒದೆಯುತ್ತಲೇ ಇದ್ದರು. ಅದು ಶುರುವಾಗುತ್ತಿರಲಿಲ್ಲ. ಇಬ್ಬರೂ ಅದನ್ನೇ ಕೇಳಿಸಿಕೊಳ್ಳುವವರಂತೆ ಕೂತರು. ಅವಳಿಗೆ ಅಳು ಬರಲಿಲ್ಲ.

"ಸಹಿ ಹಾಕು ಚಿಕ್ಕಮ್ಮ," ಎಂದಳು ಕೊನೆಗೆ.

"ಹಾಕಲ್ಲ."

"ಚಿಕ್ಕಮ್ಮ..."

"ಹೊಟ್ಟೇಲಿ ಹುಟ್ಟಿದ ನಿಂಗೇ ತೋರಿಸದೆ ಮುಚ್ಚಿಟ್ಕೊಂಡು ಸತ್ಲು ಅವಳು. ಅದನ್ನ ನಾನು ಸೀಸೇಲಿ ತುಂಬಿಸಿ ಊರೂರಿಗೆ ಕಳಿಸಲಾ? ಒಂದು ಸಲ ಅವಳ ಮಾತು ಕೇಳಿ ತಪ್ಪು ಮಾಡ್ದೆ. ಈ ಸಲ ಕೇಳದೆ ತಪ್ಪು ಮಾಡಲ್ಲ." ಪತ್ರವನ್ನು ತಿರುಗಿಸಿ ಅವಳ ಕಡೆ ಸರಿಸಿದರು. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ, ಬೆನ್ನು ತೋರಿಸಿ ನಿಂತು, ಬಾಯಿಗೆ ಕೈ ಹಾಕಿದರು. ತಿರುಗಿದಾಗ ಸೆಟ್ಟು ಅವರ ಅಂಗೈಯಲ್ಲಿತ್ತು.

"ನಂಗೂ ಎರಡು ತಿಂಗಳಿಂದ ಉರಿ," ಎಂದರು. "ನೋಡು ಪುಟ್ಟಿ."

ತುಟಿ ಒಳಕ್ಕೆ ಹೋಗಿ, ಕೆನ್ನೆ ಕುಸಿದು, ಗಲ್ಲ ಮೂಗಿನ ಹತ್ತಿರ ಬಂದಿತ್ತು. 'ಸ' ಎಲ್ಲಿಯೂ ಇಲ್ಲದ, ಮೆತ್ತಗಿನ, ಗಾಳಿ ಬೆರೆತ ದನಿ. ಅಕ್ಕತಂಗಿಯರದು ಒಂದೇ ದನಿ ಎಂದು ಜನ ಹೇಳುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ಹೊದಿಕೆಯ ಅಡಿಯಿಂದ ಎಂಟು ದಿನ ಕಾದರೂ ಬಾರದಿದ್ದ ದನಿ ಈಗ ಹಗಲಿನ ಬೆಳಕಿನಲ್ಲಿ, ಆ ಮುಖದಿಂದಲೇ, 'ನೋಡು ಪುಟ್ಟಿ' ಎನ್ನುತ್ತಿತ್ತು. ಅವಳು ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಳು.

ಆಮೇಲೆ ನೋಡಿದಳು. ಚಿಕ್ಕಮ್ಮನ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ, ಅಂಗುಳವನ್ನು ಅಂಚಿನಿಂದ ಅಂಚಿಗೆ ನೋಡಿದಳು. ಸೆಟ್ಟು ಕೂರುವಷ್ಟೂ ಜಾಗ ಅದರ ನಕಾಶೆ ಬರೆದಂತೆ ಕೆಂಪಾಗಿತ್ತು. ತುಂಬ ಹೊತ್ತು ನೋಡಿದಳು. ಚಿಕ್ಕಮ್ಮನ ಕಣ್ಣಿನ ತುದಿಯಿಂದ ನೀರಿಳಿದು ಅವಳ ಹೆಬ್ಬೆರಳನ್ನು ತಾಗಿತು.

"ಆಯ್ತಾ? ಬಾಯಿ ನೋಯ್ತಿದೆ ಕಣೇ," ಎಂದರು ಚಿಕ್ಕಮ್ಮ. ಆಗ ಅವಳಿಗೆ ಅಳು ಬಂತು.

ಶುಕ್ರವಾರ ಮುಖ್ಯಸ್ಥೆಯ ಕೋಣೆಗೆ ಹೋಗಿ ಖಾಲಿ ಪತ್ರವನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಅದು ಯಾರ ಸೆಟ್ಟು, ತಟ್ಟೆ ಹೇಗೆ ಖಾಲಿಯಾಗಿತ್ತು, ತಾನು ಏನು ಬರೆದೆ, ಏನು ಬಳಿದೆ. ಮುಖ್ಯಸ್ಥೆ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

"ಇಷ್ಟು ದಿನ ಆಶ್ರಮದವರನ್ನ ಸುಮ್ನೆ ಕಾಯಿಸಿದೀವಿ," ಎಂದರು. "ಅದು ನಿಮಗೆ ಹೊಳೀಲೇ ಇಲ್ವಾ?"

"ಹೊಳೀತು ಮೇಡಂ."

"ಹೊಳೆದೂ?"

ಅವಳು ಮೇಜಿನ ಮೇಲಿದ್ದ ಖಾಲಿ ಪತ್ರವನ್ನು ಮಡಚಿದಳು.

"ನಲವತ್ತೊಂದನ್ನ ರಿಜಿಸ್ಟರಿಂದ ತೆಗೀಬೇಕು, ಯಾಕೆ ತೆಗೆದ್ವಿ ಅಂತ ಬರೀಬೇಕು. ಪರೀಕ್ಷೆ ಪೂರ್ತಿ ಇನ್ನೊಬ್ಬರ ಕೈಲಿ ಮತ್ತೆ ಮಾಡಿಸ್ತೀನಿ. ನೀವು ಆರು ತಿಂಗಳು ತಟ್ಟೆ ಮುಟ್ಟೋ ಹಾಗಿಲ್ಲ." ಮುಖ್ಯಸ್ಥೆ ಫೈಲನ್ನು ಮುಚ್ಚಿದರು. "ಆ ಸೀಸೆ, ತಟ್ಟೆ ಎಲ್ಲ ಇವತ್ತೇ ನಾಶ ಆಗ್ಬೇಕು. ಬೇರೆಯವರಿಗೆ ಹೇಳ್ಲಾ?"

"ಬೇಡ ಮೇಡಂ. ನಾನೇ ಮಾಡ್ತೀನಿ."

ಬಳಸಿದ ತಟ್ಟೆಗಳನ್ನು ಆವಿಯಲ್ಲಿ ಬೇಯಿಸುವ ಯಂತ್ರ ಹಿಂದಿನ ಕೋಣೆಯಲ್ಲಿತ್ತು. ಮೂರು ತಟ್ಟೆ, ಎರಡು ಸೀಸೆ, ಮತ್ತು ಇಷ್ಟು ದಿನ ತನ್ನ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದ ಸೆಟ್ಟನ್ನು ಚೀಲದಲ್ಲಿ ಹಾಕಿ ಒಳಗಿಟ್ಟು ಬಾಗಿಲು ತಿರುಪಿದಳು. ಒತ್ತಡದ ಮುಳ್ಳು ನಿಧಾನವಾಗಿ ಮೇಲೇರಿತು. ಮುಗಿಯಲು ಇಪ್ಪತ್ತು ನಿಮಿಷ ಬೇಕಿತ್ತು. ಹೋಗಿ ಕೂರಬಹುದಿತ್ತು, ಕೂರಲಿಲ್ಲ. ಬಾಗಿಲಿನ ಬಿಸಿ ಮುಖಕ್ಕೆ ತಾಗುವಷ್ಟು ಹತ್ತಿರ ನಿಂತು ಕಿವಿಗೊಟ್ಟಳು. ಆವಿಯ ಬುಸುಗುಡುವಿಕೆ ಬಿಟ್ಟರೆ ಏನೂ ಇಲ್ಲ. ಬೇಯುವ ಹಿಟ್ಟಿನ ವಾಸನೆ ಕೋಣೆಯನ್ನೆಲ್ಲ ತುಂಬಿತು. ಯಾವಾಗಲೋ ಮುಖ್ಯಸ್ಥೆ ಬಂದು ಪಕ್ಕದಲ್ಲಿ ನಿಂತಿದ್ದರು. ಮುಳ್ಳು ಕೆಳಗಿಳಿಯುವವರೆಗೂ ಇಬ್ಬರೂ ಅದನ್ನೇ ನೋಡುತ್ತಿದ್ದರು.

ಅವಳಿಗೆ ಹಗುರವಾಗಲಿಲ್ಲ. ಮನೆಯಲ್ಲಿ ಒಳಕೋಣೆಯ ಕಡೆ ಕಿವಿ ಹೋಗುವುದೂ ನಿಲ್ಲಲಿಲ್ಲ.

ಚಿಕ್ಕಮ್ಮನಿಗೆ ಆಸ್ಪತ್ರೆಯಲ್ಲಿ ಬಾಯಿಗೆ ಹಚ್ಚುವ ಔಷಧಿ ಕೊಟ್ಟರು. ರಾತ್ರಿ ಸೆಟ್ಟು ತೆಗೆದಿಟ್ಟೇ ಮಲಗಬೇಕೆಂದು ತಾಕೀತು ಮಾಡಿದರು. ಮೂರನೇ ವಾರಕ್ಕೆ ಕೆಂಪು ಇಳಿದು ಅಂಗುಳ ತನ್ನ ಬಣ್ಣಕ್ಕೆ ಬಂತು. ಮರುಪರೀಕ್ಷೆಯಲ್ಲಿ ನಲವತ್ತಕ್ಕೆ ನಲವತ್ತೂ ಸತ್ತವು. ಲವಂಗ-ದಾಳಿಂಬೆಯ ಕಂದು ದ್ರಾವಣದ ಬಾಟಲಿಗಳು ಆಶ್ರಮಕ್ಕೆ ಹೋದವು. ತಟ್ಟೆ ಮುಟ್ಟುವಂತಿಲ್ಲದ ಅವಳಿಗೆ ಬಾಟಲಿ ಹಂಚುವ, ನೆನೆಹಾಕುವುದನ್ನು ತೋರಿಸಿಕೊಡುವ ಕೆಲಸ ಬಂತು.

ಆ ಚಳಿಗಾಲದ ಒಂದು ಮಂಗಳವಾರ ಮೇಲಿನ ಮಹಡಿಗೆ ಹೊಸಬರೊಬ್ಬರು ಬಂದಿದ್ದರು. ಹೊಲಿಗೆ ಶಾಲೆಯ ಟೀಚರಾಗಿದ್ದವರಂತೆ. ಯಾರ ಜೊತೆಗೂ ಮಾತಿಲ್ಲ, ಊಟದ ತಟ್ಟೆ ಹೋದಹಾಗೇ ವಾಪಸು ಬರುತ್ತದೆ ಎಂದು ಆಯಾ ಹೇಳಿದಳು. ಇವಳು ಹೋಗಿ ಸೆಟ್ಟು ತೆಗೆಯುತ್ತೀರಾ ಎಂದು ಕೇಳಿದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು.

"ನಾನು ಹೊರಗೆ ಇರ್ತೀನಿ," ಎಂದಳು ಅವಳು. "ಬಾಗಿಲು ಹಾಕ್ಕೊಳ್ಳಿ. ಸೆಟ್ಟು ತೆಗೆದು ಈ ಡಬ್ಬೀಲಿ ಹಾಕಿ ಕೊಡಿ ಸಾಕು. ಅವಸರ ಏನಿಲ್ಲ."

ಬಾಗಿಲು ಮುಚ್ಚಿತು. ಅವಳು ವರಾಂಡದಲ್ಲಿ ಗೋಡೆಗೊರಗಿ ನಿಂತಳು. ಕೆಳಗಿನ ಮಹಡಿಯ ಗಡಿಯಾರ ಹನ್ನೊಂದು ಹೊಡೆಯಿತು, ಹನ್ನೊಂದೂವರೆ ಹೊಡೆಯಿತು. ಆಯಾ ಎರಡು ಸಲ ಬಂದು ಹುಬ್ಬೇರಿಸಿ ಹೋದಳು. ಹನ್ನೆರಡರ ಹೊತ್ತಿಗೆ ಬಾಗಿಲು ಒಂದು ಗೇಣು ತೆರೆದು, ಸುಕ್ಕುಗಟ್ಟಿದ ಕೈಯೊಂದು ಡಬ್ಬಿಯನ್ನು ಹೊರಗೆ ಚಾಚಿತು. ಅವಳು ಎರಡೂ ಕೈಯಿಂದ ತೆಗೆದುಕೊಂಡಳು. ಒಳಗೆ ಇಣುಕಲಿಲ್ಲ.

"ಉರಿ ಇದೆಯಾ?" ಎಂದು ಬಾಗಿಲಿನ ಸಂದಿಗೆ ಕೇಳಿದಳು.

ಒಳಗೆ ಸೆರಗು ಸರಿದ ಸದ್ದಾಯಿತು. ಆಮೇಲೆ ಮೆತ್ತಗೆ, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡ ದನಿಯಲ್ಲಿ, "ಇದೆ," ಎಂದು ಬಂತು.